ಸೆರಗು ಕಿವಿಯ ಹಿಂದೆ

ಕಿವಿ ಕೇಳದವರನ್ನು ನನ್ನ ಹತ್ತಿರ ಕರೆದುಕೊಂಡು ಬರುವವರಿಗೆ ಒಂದು ಚಾಳಿ ಇದೆ. ಕುರ್ಚಿಯಲ್ಲಿ ಕೂತವರನ್ನು ನಾನು ಏನಾದರೂ ಕೇಳಿದರೆ ಪಕ್ಕದಲ್ಲಿ ನಿಂತವರು ಉತ್ತರ ಕೊಡುತ್ತಾರೆ. ಯಾವಾಗಿನಿಂದ ಹೀಗೆ ಅಂದರೆ ಅವರು ಹೇಳುತ್ತಾರೆ, ಕಿವಿ ಸೋರುತ್ತದಾ ಅಂದರೂ ಅವರೇ, ಕೊನೆಗೆ ಹೆಸರು ಕೇಳಿದರೂ ಅವರದೇ ಬಾಯಿ. ಇದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಸವನ ಬಾಗೇವಾಡಿಯಲ್ಲಿ ರೊಟ್ಟಿ ಕೇಂದ್ರ ನಡೆಸುವ ಅಕ್ಕನನ್ನು ಅವರ ಭಾವ, ಅಂದರೆ ಗಂಡನ ಅಣ್ಣ, ಕರೆದುಕೊಂಡು ಬಂದ ದಿನವೂ ಹಾಗೇ ಆಯಿತು.

"ಆಕಿಗೆ ಕೇಳಸಂಗಿಲ್ರಿ ಮೇಡಮ್, ನಾನ ಹೇಳ್ತೇನಿ," ಅಂದರು ಭಾವ.

"ಕೇಳಸಂಗಿಲ್ಲಂತನ ಇಲ್ಲಿ ಬಂದಾರ್ರಿ ಅವರು. ನೀವು ಹೊರಗ ಕುಂದರ್ರಿ, ಚಾ ತರಸ್ತೇನಿ," ಅಂದೆ.

ನಾನು ಸಿಂದಗಿಯ ಒಂದು ಶ್ರವಣ ಸಾಧನದ ಅಂಗಡಿಯಲ್ಲಿ ಆಡಿಯಾಲಜಿಸ್ಟ್. ವಾರದಲ್ಲಿ ಒಂದೊಂದು ದಿನ ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗೆ ಯಂತ್ರದ ಪೆಟ್ಟಿಗೆ ಹೊತ್ತುಕೊಂಡು ಬಸ್ಸಿನಲ್ಲಿ ಹೋಗುತ್ತೇನೆ. ಜನ ನನ್ನನ್ನು 'ಕಿವಿ ಮೇಡಮ್' ಅನ್ನುತ್ತಾರೆ. ಬಾಗೇವಾಡಿಯಲ್ಲಿ ನನ್ನ ಕೋಣೆ ಒಂದು ಔಷಧಿ ಅಂಗಡಿಯ ಹಿಂದೆ. ರಸ್ತೆಯ ಸದ್ದು ಒಳಗೆ ಬಾರದಿರಲೆಂದು ಬಾಗಿಲಿಗೂ ಕಿಟಕಿಗೂ ನಮ್ಮೂರು ಯಂಕಂಚಿಯಿಂದ ತಂದ ದಪ್ಪ ಕೌದಿಗಳನ್ನು ತೂಗುಹಾಕಿದ್ದೇನೆ. ಅಮ್ಮಿ ಹಳೆ ಬಟ್ಟೆಗಳಿಂದ ಹೊಲಿದ ಕೌದಿ ಪರೀಕ್ಷೆಯ ಕೋಣೆ ಕಾಯುತ್ತದೆ ಅಂತ ನಮ್ಮ ಮಾಲೀಕರು ನಗುತ್ತಾರೆ. ನಗಲಿ, ಸರಿಯಾದ ಕೋಣೆ ಕಟ್ಟಿಸಿಕೊಡಿ ಅಂದರೆ ಮಾತ್ರ ಅವರಿಗೂ ಕಿವಿ ಕೇಳುವುದಿಲ್ಲ.

ಭಾವ ಹೊರಗೆ ಹೋದರು. ಅಕ್ಕ ತಲೆಯ ಮೇಲಿನ ಸೆರಗು ಇಳಿಸಿ, ಕಾಲು ಮಡಚಿ ಕುರ್ಚಿಯ ಮೇಲೇ ಚಕ್ಕಳಮಕ್ಕಳ ಹಾಕಿದರು. ಐವತ್ತರ ಆಚೀಚಿನ ಗಟ್ಟಿ ಹೆಂಗಸು. ಎದುರಿಗೆ ಕೂತು ನಿಧಾನ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು.

"ತಂಗಿ, ನಾ ಕಿವುಡಿ ಹೌದು. ಹುಚ್ಚಿ ಅಲ್ಲ," ಅಂತಲೇ ಶುರು ಮಾಡಿದರು.

ಅವರ ಗಂಡ ಲಾರಿ ಚಾಲಕ, ಮನೆಗಿಂತ ಹೆದ್ದಾರಿಯಲ್ಲೇ ಹೆಚ್ಚು. ಕೂಡುಮನೆಯ ಮುಂದಿನ ಪಡಸಾಲೆಯಲ್ಲಿ ಅಕ್ಕ ಒಬ್ಬರೇ ಒಂದು ಒಲೆ ಹಚ್ಚಿ ಶುರು ಮಾಡಿದ್ದು ಆ ರೊಟ್ಟಿ ಕೇಂದ್ರ. ಈಗ ನಾಲ್ಕು ಒಲೆ, ನಾಲ್ಕು ಹೆಂಗಸರು. ಅಕ್ಕ ರಸ್ತೆಗೆ ಮುಖ ಮಾಡಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಗಿರಾಕಿಗಳಿಗೆ ರೊಟ್ಟಿ ಎಣಿಸಿ ಕೊಡುತ್ತಾರೆ. ಒಲೆಗಳೆಲ್ಲ ಅವರ ಬೆನ್ನ ಹಿಂದೆ. ಒಂದು ದಿನ ಮೂಲೆಯ ಒಲೆಯಾಕೆಯ ಸೀರೆಗೆ ಬೆಂಕಿ ಹತ್ತಿತು. ಆಕೆ ಚೀರಿದಳು. ನಾಲ್ಕೇ ಹೆಜ್ಜೆ ದೂರದಲ್ಲಿದ್ದ ಅಕ್ಕ ರೊಟ್ಟಿ ಎಣಿಸುತ್ತಲೇ ಇದ್ದರು. ಎದುರಿಗಿದ್ದ ಗಿರಾಕಿ ಬೆರಳು ಮಾಡಿ ತೋರಿಸಿದ ಮೇಲೆ ತಿರುಗಿದರು. ಅಷ್ಟರಲ್ಲಿ ಪಕ್ಕದಾಕೆ ಒಂದು ಕೊಡ ನೀರು ಸುರಿದು ಆರಿಸಿದ್ದಳು. ಕೈ ಸುಟ್ಟಿತು, ಜೀವ ಉಳಿಯಿತು.

"ಆಕಿ ಕೈ ನೋಡಿದಾಗೊಮ್ಮೆ ನಂಗ ಊಟ ಒಳಗ ಹೋಗಂಗಿಲ್ಲ," ಅಂದರು ಅಕ್ಕ. "ಈಗ ಭಾವಾರು ಅಂತಾರ, ಲಗ್ನದ ಸೀಜನ್ನಿಂದ ಗಲ್ಲಾಕ ನಾ ಕುಂಡ್ರತೇನಿ, ನೀ ಹಿಂದ ರೊಟ್ಟಿ ಬಡಿ ಅಂತ. ನಾ ಕಟ್ಟಿದ್ದು ತಂಗಿ ಅದು. ನಂಗ ಟೀವಿ ಕೇಳೂದು ಬ್ಯಾಡ, ಫೋನ್ ಕೇಳೂದು ಬ್ಯಾಡ. ಹಿಂದಿಂದ ಯಾರರ ಒದರಿದ್ರ ಕೇಳಸಬೇಕು. ಅಷ್ಟ ಮಾಡಿಕೊಡು."

ಇಷ್ಟು ಸ್ಪಷ್ಟವಾಗಿ ತನಗೇನು ಬೇಕು ಅಂತ ಹೇಳುವವರು ನನಗೆ ಸಿಗುವುದು ಅಪರೂಪ. ಅಲ್ಲೇ ನಾನು ಅವರ ಪಕ್ಷ ಸೇರಿಬಿಟ್ಟೆ.

ವಿಜಯಪುರದ ಕಿವಿ ಡಾಕ್ಟರು ಮೊದಲೇ ನೋಡಿ, ಇದು ನರದ ದೋಷ, ಔಷಧಿಗೆ ಬಗ್ಗುವುದಲ್ಲ, ಯಂತ್ರವೇ ದಾರಿ ಅಂತ ಬರೆದು ಕಳಿಸಿದ್ದರು. ನಾನು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದೆ, ಮೇಣ ತೆಗೆದೆ, ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದೆ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ದಪ್ಪ ದನಿಯ ಸದ್ದುಗಳಿಗೆ ತಡವಾಗಿಯಾದರೂ ಒತ್ತಿದರು. ಕೀರಲು ದನಿಗೆ ಹೋದಂತೆ ಕೈ ಸುಮ್ಮನಾಯಿತು. ಹೆಂಗಸರ ಚೀರುದನಿ ಇರುವುದೇ ಆ ಭಾಗದಲ್ಲಿ. ಯಂತ್ರವಿಲ್ಲದೆ ಅಲ್ಲಿ ಅವರಿಗೆ ಬಹುತೇಕ ಏನೂ ಕೇಳುತ್ತಿರಲಿಲ್ಲ. ಎರಡೂ ಕಿವಿ ಹೆಚ್ಚುಕಡಿಮೆ ಒಂದೇ.

ಯಾವ ಯಂತ್ರ ಅನ್ನುವ ಪ್ರಶ್ನೆ ಬಂದಾಗ ಭಾವನನ್ನು ಒಳಗೆ ಕರೆದೆ. ಅಕ್ಕನ ಸೆರಗು ತಲೆಯ ಮೇಲೆ ಹೋಯಿತು, ಕಾಲು ಕೆಳಗೆ ಇಳಿಯಿತು.

"ಕಿವಿ ಒಳಗ ಹೋಗೂ ಸಣ್ಣ ಮಶೀನ ಬರತಾವಂತಲ್ರಿ, ಅದನ್ನ ಒಂದ ಕಿವಿಗೆ ಕೊಡ್ರಿ," ಅಂದರು ಭಾವ. "ಮನೀ ಹೆಣ್ಮಗಳು, ನಾಕ ಮಂದಿ ಮುಂದ ಕುಂಡ್ರಾಕಿ. ಕಾಣಬಾರ್ದು."

ಒಳಗೆ ಹೋಗುವ ಸಣ್ಣ ಯಂತ್ರಕ್ಕೆ ಇವರ ಕಿವಿಗೆ ಬೇಕಾದಷ್ಟು ಶಕ್ತಿ ಇಲ್ಲ ಅಂದೆ. ಜೋಳದ ಹಿಟ್ಟಿನ ಧೂಳು, ಎಸರಿನ ಹಬೆ, ಬೆವರು ಸೇರಿದರೆ ಅದು ಬೇಗ ಕಟ್ಟಿಕೊಳ್ಳುತ್ತದೆ ಅಂದೆ. ಕೂಗು ಯಾವ ಕಡೆಯಿಂದ ಬಂತು ಅಂತ ತಿಳಿಯಬೇಕಾದರೆ ಎರಡೂ ಕಿವಿ ಕೆಲಸ ಮಾಡಬೇಕು ಅಂದೆ. ಕಿವಿಯ ಹಿಂದೆ ಕೂರುವ, ಕಿವಿಯೊಳಗೆ ಅಳತೆಗೆ ಮಾಡಿದ ಅಚ್ಚು ಇಡುವ ಗಟ್ಟಿಮುಟ್ಟಾದ ಯಂತ್ರ ತೋರಿಸಿದೆ. ಭಾವ ಅದನ್ನು ಸತ್ತ ಹಲ್ಲಿಯನ್ನು ನೋಡುವ ಹಾಗೆ ನೋಡಿ, ಹೊರಗೆ ಹೋಗಿ ನೇರ ನಮ್ಮ ಮಾಲೀಕರಿಗೆ ಫೋನು ಹಚ್ಚಿದರು. ಐದು ನಿಮಿಷದಲ್ಲಿ ನನ್ನ ಫೋನು ಹೊಡೆದುಕೊಂಡಿತು.

"ಗಿರಾಕಿ ತಾನಾಗಿ ಬಾಯಿ ಬಿಟ್ಟು ಸಣ್ಣದು ಕೇಳಾಕತ್ತಾನ. ನಿಮ್ಮದೇನ್ರಿ ತಕರಾರು? ಕೊಟ್ಟು ಕಳಸ್ರಿ," ಅಂದರು ಮಾಲೀಕರು.

"ಕೇಳಾಕತ್ತಾವ್ರ ಕಿವಿಗಲ್ರಿ ಹಾಕೂದು. ನಾ ಕೊಡಂಗಿಲ್ಲ," ಅಂದೆ.

ಆಮೇಲೆ ಅಕ್ಕನ ಎದುರಿಗೆ ಕೂತು ಎರಡೂ ಯಂತ್ರ ಮೇಜಿನ ಮೇಲಿಟ್ಟೆ. ಅವರು ಕೇಳಿದ್ದು ಒಂದೇ ಮಾತು. "ಯಾವುದು ಹಾಕಿದ್ರ ಹಿಂದಿಂದು ಕೇಳಸ್ತೈತಿ?" ನಾನು ದೊಡ್ಡದನ್ನು ಮುಟ್ಟಿ ತೋರಿಸಿದೆ, ಎರಡು ಬೆರಳು ಎತ್ತಿದೆ. "ಹಂಗಂದ್ರ ಅದ," ಅಂದರು. ದುಡ್ಡು ಅವರದೇ ದುಡಿಮೆಯದು, ಭಾವನಿಗೆ ಬೇಡವೆನ್ನಲು ಬರುವಂತಿರಲಿಲ್ಲ.

ಕಿವಿಯೊಳಗೆ ದಾರ ಕಟ್ಟಿದ ಹತ್ತಿ ಇಟ್ಟು, ಮೆತ್ತನೆಯ ಕಣಕದಂಥ ಪದಾರ್ಥ ತುಂಬಿ, ಗಟ್ಟಿಯಾದ ಮೇಲೆ ಎಳೆದು ತೆಗೆದು ಅಚ್ಚು ಮಾಡಿಸಲು ಕಳಿಸಿದೆ. ಅಚ್ಚು ಬಂತು. ಯಂತ್ರ ಹಾಕಿದೆವು. ಅಕ್ಕ ಮೊದಲು ಗಾಬರಿಯಾದರು, ತಮ್ಮ ದನಿ ಕೊಡದೊಳಗಿಂದ ಬಂದ ಹಾಗಿದೆ ಅಂದರು. ಆಮೇಲೆ ಕೈ ಅಲ್ಲಾಡಿಸಿ ಹಸಿರು ಬಳೆಗಳ ಸದ್ದು ಕೇಳಿದರು. ಮತ್ತೆ ಅಲ್ಲಾಡಿಸಿದರು. ಕಣ್ಣೀರು ಹಾಕುತ್ತಾರೆ ಅಂದುಕೊಂಡೆ, ಹಾಕಲಿಲ್ಲ, "ಇಷ್ಟ ಸಪ್ಪಳ ಮಾಡ್ತಾವೇನ ಇವು ಹಾಳಾದುವು!" ಅಂತ ಬಳೆಗೇ ಬೈದರು.

ಮುಂದಿನ ವಾರ ತಕರಾರುಗಳ ಗಂಟೇ ಬಂತು. ನಾಲ್ಕು ಜನ ರೊಟ್ಟಿ ಬಡಿದರೆ ತಲೆಯೊಳಗೇ ಬಡಿದ ಹಾಗೆ ಆಗುತ್ತದಂತೆ. ಯಂತ್ರದ ಮೈಕಿನ ತೂತುಗಳಲ್ಲಿ ಹಿಟ್ಟು ಕೂತಿತ್ತು. ಎಲ್ಲಕ್ಕಿಂತ ವಿಚಿತ್ರವೆಂದರೆ ಯಂತ್ರವನ್ನು ಅಚ್ಚಿಗೆ ಸೇರಿಸುವ ಮೆತ್ತನೆಯ ನಳಿಕೆ ಕಡ್ಡಿಯ ಹಾಗೆ ಸೆಟೆದು ನಿಂತಿತ್ತು.

"ಅಕ್ಕಾರ, ರಾತ್ರಿ ಇದನ್ನ ಎಲ್ಲಿ ಇಡ್ತೀರಿ?"

"ನೀನ ಹೇಳಿದ್ಯಲ್ಲ, ಒಣಗಿಸಿ ಇಡ್ರಿ ಅಂತ. ಖಡಕ್ ರೊಟ್ಟಿ ಒಣಗಸೂ ಬುಟ್ಟಿ ಐತಲ್ಲ ಒಲಿ ಮಗ್ಗಲ, ಅದರಾಗ."

ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆ ಊರಿನಲ್ಲಿ ಒಣಗಿಸುವುದು ಅಂದರೆ ಒಲೆಯ ಪಕ್ಕದ ಬುಟ್ಟಿಯೇ, ಅವರ ತಪ್ಪೇನೂ ಇಲ್ಲ. ಹೊಸ ನಳಿಕೆ ಹಾಕಿದೆ, ತೇವ ಹೀರುವ ಪೊಟ್ಟಣ ಇಟ್ಟ ಬಿಗಿ ಮುಚ್ಚಳದ ಡಬ್ಬಿ ಕೊಟ್ಟೆ, ಮೈಕಿಗೆ ತೆಳು ಜಾಲರಿ ಹಚ್ಚಿದೆ, ಸಂಜೆ ಸಂಜೆ ಸಣ್ಣ ಬ್ರಶ್ಶಿನಿಂದ ಹಿಟ್ಟು ಝಾಡಿಸಲು ಕಲಿಸಿದೆ. ಥಟ್ಟನೆ ಬರುವ ಸದ್ದನ್ನು ಯಂತ್ರ ತಗ್ಗಿಸುವ ಹಾಗೆ ಲ್ಯಾಪ್‌ಟಾಪಿನಲ್ಲಿ ತಿದ್ದಿದೆ.

ಇಷ್ಟಾದರೂ ಭಾವನಿಂದ ಫೋನು ಬಂತು. "ಮೇಡಮ್, ಮಶೀನ ವಾಪಸ್ ತಗೊಳ್ರಿ. ಹಾಕ್ಕೊಂಡ್ರೂ ಕೇಳಸಂಗಿಲ್ಲ ಆಕಿಗಿ. ನಾ ದಿನಾ ನೋಡಾಕತ್ತೇನಿ. ಎದುರಿಗೆ ನಿಂತು ಒದರಿದ್ರೂ ಇಲ್ಲ. ನಾಳೆ ಮತ್ತ ಬೆಂಕಿ ಹತ್ತಿ ಯಾರರ ಸತ್ರ ಯಾರ ಜವಾಬ್ದಾರಿ?"

ಆ ಕೊನೆಯ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಕೋಣೆಯಲ್ಲಿ ನಾನು ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದರೂ ತಿರುಗುತ್ತಿದ್ದ ಹೆಂಗಸಿಗೆ ಕೇಂದ್ರದಲ್ಲಿ ಎದುರಿಗೆ ಒದರಿದ್ದು ಕೇಳುವುದಿಲ್ಲ ಅಂದರೆ ಹೇಗೆ? ಕೌದಿ ಹಾಕಿದ ಕೋಣೆಯಲ್ಲಿ ಕೂತು ಇದು ಬಗೆಹರಿಯುವುದಿಲ್ಲ ಅಂತ ತೀರ್ಮಾನಿಸಿ ಲ್ಯಾಪ್‌ಟಾಪು ಎತ್ತಿಕೊಂಡು ರೊಟ್ಟಿ ಕೇಂದ್ರಕ್ಕೇ ಹೋದೆ.

ಹಿಟ್ಟಿನ ಚೀಲದ ಮೇಲೆ ಕೂತೆ. ನಾಲ್ಕು ಒಲೆ ಉರಿಯುತ್ತಿದ್ದವು, ನಾಲ್ಕು ಜೋಡಿ ಕೈ ರೊಟ್ಟಿ ಬಡಿಯುತ್ತಿದ್ದವು. ನನಗೇ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಮೂಲೆಯ ಒಲೆಯಾಕೆಗೆ, ಅದೇ ಕೈ ಸುಟ್ಟುಕೊಂಡವಳಿಗೆ, ಸನ್ನೆ ಮಾಡಿದೆ. "ಯಕ್ಕಾ!" ಅಂತ ಕೂಗಿದಳು. ಅಕ್ಕ ತಿರುಗಲಿಲ್ಲ. ಮತ್ತೆ ಕೂಗಿದಳು. ಇಲ್ಲ. ಅದೇ ಹೊತ್ತಿಗೆ ಎದುರಿನ ಗಿರಾಕಿ ಮೆಲ್ಲಗೆ ಶೇಂಗಾ ಚಟ್ನಿ ಕೇಳಿದರೆ ತಟ್ಟನೆ ತೆಗೆದು ಕೊಟ್ಟರು.

ಕಾರಣ ಹೊಳೆದಾಗ ನಾನು ಹಣೆ ಚಚ್ಚಿಕೊಂಡೆ. ಗದ್ದಲವಿದ್ದಲ್ಲಿ ಯಂತ್ರ ತಾನಾಗಿಯೇ ಮುಂದಿನ ಮಾತನ್ನು ಹಿಡಿದು ಹಿಂದಿನ ಸದ್ದನ್ನು ಒತ್ತಿಬಿಡುತ್ತದೆ. ಹೋಟೆಲಿನಲ್ಲಿ ಎದುರು ಬದುರು ಕೂತು ಮಾತಾಡುವವರಿಗೆ ಅದು ವರ. ಬೆನ್ನ ಹಿಂದೆ ಒಲೆ ಇಟ್ಟುಕೊಂಡವರಿಗೆ ಅದೇ ಶತ್ರು. ಆ ಚಾಲಾಕಿಯನ್ನು ತೆಗೆದುಹಾಕಿ, ಸುತ್ತಲಿನ ಸದ್ದೆಲ್ಲ ಸಮನಾಗಿ ಬರುವ ಹಾಗೆ ತಿದ್ದಿದೆ. ಗಿರಾಕಿ ಮಾತು ತಿಳಿಯದಿದ್ದರೆ ಯಂತ್ರದ ಗುಂಡಿ ಒತ್ತಿ ಮುಂದಿನದನ್ನು ಹಿಡಿಯಬಹುದು, ಗಿರಾಕಿ ಹೋದ ಮೇಲೆ ಮತ್ತೆ ಒತ್ತಬೇಕು ಅಂತ ಹೇಳಿಕೊಟ್ಟೆ. ಮೂಲೆಯವಳು ಕೂಗಿದಳು. ಅಕ್ಕ ತಿರುಗಿದರು, ಅದೂ ಸರಿಯಾದ ಕಡೆಗೆ. ಇನ್ನೊಬ್ಬಳು ಬಲಗಡೆಯಿಂದ ಕೂಗಿದಳು. ಬಲಕ್ಕೆ ತಿರುಗಿದರು. ನಾಲ್ವರೂ ರೊಟ್ಟಿ ಬಿಟ್ಟು ಕೂಗುವ ಆಟ ಶುರು ಮಾಡಿದರು. ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು.

ಆಗ ಭಾವ ಬಂದರು.

ಅವರ ಚಪ್ಪಲಿ ಹೊಸ್ತಿಲು ಮುಟ್ಟಿದ್ದೇ ತಡ, ಆಟ ನಿಂತಿತು, ಅಕ್ಕನ ಕೈ ಸೆರಗಿಗೆ ಹೋಯಿತು. ಸೆರಗು ತಲೆಯ ಮೇಲಿಂದ ಕಿವಿ ಮುಚ್ಚಿ ಕೆನ್ನೆಯವರೆಗೆ ಇಳಿಯಿತು. ಮರುಕ್ಷಣ ಕುಂಯ್ ಅಂತ ಯಂತ್ರ ಸೀಟಿ ಹೊಡೆಯಿತು. ಅಕ್ಕ ಮುಖ ಕಿವಿಚಿ, ಸೆರಗಿನ ಒಳಗೇ ಕೈ ಹಾಕಿ, ಎರಡೂ ಯಂತ್ರ ಕಿತ್ತು ಮಡಿಲಿಗೆ ಹಾಕಿಕೊಂಡರು. ಅದು ರೂಢಿಯಾಗಿಬಿಟ್ಟಿತ್ತು, ನೋಡಿದರೇ ಗೊತ್ತಾಗುತ್ತಿತ್ತು.

ಭಾವ ಏನೋ ಕೇಳಿದರು. ಅಕ್ಕ ನೆಲ ನೋಡುತ್ತಾ ಕೂತಿದ್ದರು. ತಲೆ ತಗ್ಗಿಸಿದವರಿಗೆ ತುಟಿಯೂ ಕಾಣುವುದಿಲ್ಲ.

"ನೋಡಿದ್ರಿ?" ಅಂತ ಭಾವ ನನ್ನ ಕಡೆ ತಿರುಗಿದರು.

ನೋಡಿದೆ. ಎಲ್ಲವನ್ನೂ ನೋಡಿದೆ. ದಿನವಿಡೀ ಕೇಳುವ ಹೆಂಗಸು ಅವರ ಮುಂದೆ ಮಾತ್ರ ಕಿವುಡಿ. ಕೇಳುತ್ತದೋ ಇಲ್ಲವೋ ಅಂತ ತೀರ್ಪು ಕೊಡುವವರೂ ಅವರೇ. ನನ್ನ ಪರೀಕ್ಷೆಯ ಕೋಣೆಯಲ್ಲಿ ಇದು ಗೊತ್ತಾಗುವ ದಾರಿಯೇ ಇರಲಿಲ್ಲ, ಯಾಕೆಂದರೆ ಮೊದಲ ದಿನವೇ ಭಾವನನ್ನು ಹೊರಗೆ ಕಳಿಸಿದವಳು ನಾನೇ.

ಆ ಸಂಜೆ ಸಿಂದಗಿಯಲ್ಲಿ ಅದೇ ಮಾದರಿಯ ಯಂತ್ರವನ್ನು ನನ್ನ ಕಿವಿಗೇ ಹಾಕಿಕೊಂಡು, ದನಿ ತಗ್ಗಿಸಿ, ಮೇಲೆ ನನ್ನ ಓಡ್ನಿ ಹೊದ್ದು ಮನೆಯೆಲ್ಲ ಅಡ್ಡಾಡಿದೆ. ಹತ್ತಿ ಬಟ್ಟೆಯೇ ಮೈಕಿಗೆ ತಿಕ್ಕಿ ಸೊರಸೊರ ಅನ್ನುತ್ತಿತ್ತು. ಅಕ್ಕ ಉಡುವುದು ಇಳಕಲ್ ಸೀರೆ, ಅದರ ಸೆರಗು ನುಣುಪು, ಸದ್ದು ಇನ್ನೂ ಹೆಚ್ಚು. ಸೀಟಿಯನ್ನಂತೂ ಕಡಿಮೆ ಮಾಡಬಹುದಿತ್ತು. ಅಕ್ಕ ದಿನವಿಡೀ ಗಿರಾಕಿಗಳ ಹತ್ತಿರ ಮಾತಾಡುವವರು, ದವಡೆ ಆಡಿದಂತೆ ಅಚ್ಚು ಸಡಿಲಾಗಿ ಸದ್ದು ಸೋರುತ್ತಿತ್ತು, ಅದು ಸೆರಗಿಗೆ ಬಡಿದು ಮತ್ತೆ ಮೈಕಿಗೆ ಹೋಗಿ ಸೀಟಿಯಾಗುತ್ತಿತ್ತು. ಬಾಯಿ ತೆರೆಸಿ ಹೊಸ ಅಳತೆ ತೆಗೆದರೆ ಅಚ್ಚು ಬಿಗಿಯಾಗುತ್ತದೆ. ಆದರೆ ಬಟ್ಟೆ ತಿಕ್ಕುವುದಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ಮದ್ದಿಲ್ಲ. ದನಿ ತಗ್ಗಿಸಿದರೆ ತಿಕ್ಕುವುದು ಕೇಳುವುದಿಲ್ಲ, ಚೀರುವುದೂ ಕೇಳುವುದಿಲ್ಲ.

ಮಾಲೀಕರಿಗೆ ಫೋನು ಮಾಡಿ ಹೇಳಿದೆ. "ದನಿ ತಗ್ಗಿಸಿ ಕೊಡ್ರಿ, ಸೀಟಿ ನಿಂದರತೈತಿ, ಅವರೂ ಸುಮ್ಮನಾಗ್ತಾರ," ಅಂದರು.

"ಆಕಿ ಕೇಳಿದ್ದು ಹಿಂದಿಂದ ಒದರಿದ್ದು ಕೇಳಸಬೇಕು ಅಂತ. ಅದನ್ನ ಕಿತ್ತು ಕೊಟ್ರ ಮಶೀನ್ಯಾಕ್ರಿ, ಎರಡ ಹುಣಸೀಬೀಜ ಕಟ್ಟಿದ್ರಾತು," ಅಂದೆ. ಅವರು ಫೋನು ಇಟ್ಟರು. ನನಗೇನೂ ಬೇಜಾರಾಗಲಿಲ್ಲ.

ಮುಂದಿನ ಬಾರಿ ಅಕ್ಕ ಒಬ್ಬರೇ ಬಂದರು. ಹಲ್ಲಿನ ನಡುವೆ ಬಟ್ಟೆಯ ಸುರುಳಿ ಕಚ್ಚಿಸಿ ಅಳತೆ ತೆಗೆದೆ. ಮಾತಾಡಲಾಗದೆ ಅವರು ಪಟ್ಟ ಒದ್ದಾಟ ನೋಡುವ ಹಾಗಿತ್ತು. ಸುರುಳಿ ತೆಗೆದ ಮೇಲೆ ನಾನೇ ಮಾತು ಶುರು ಮಾಡಿದೆ.

"ಅಕ್ಕಾರ, ಸೀಟಿ ನಾ ನಿಲ್ಲಸ್ತೇನಿ. ಸೆರಗಿನ ಸಪ್ಪಳ ನಿಲ್ಲಸಾಕ ನನ್ನ ಕೈಲೆ ಆಗಂಗಿಲ್ಲ. ತಲಿ ಮ್ಯಾಲೆ ಸೆರಗು ಇರಲಿ, ಆದ್ರ ಕಿವಿ ಹಿಂದ ಹೋಗಬೇಕು. ಮಶೀನ ಕಾಣತಾವ. ಎಲ್ಲಾರಿಗೂ ಕಾಣತಾವ, ಭಾವಾರಿಗೂ."

ಅವರ ಕೈ ತಾನಾಗಿ ಕಿವಿಗೆ ಹೋಯಿತು. "ಆ ಮನಿಗೆ ಬಂದಾಗಿಂದ ಅವರ ಮುಂದ ನನ್ನ ಕಿವಿ ಕಂಡಿಲ್ಲ ತಂಗಿ," ಅಂದರು. ದನಿಯಲ್ಲಿ ಹೆದರಿಕೆ ಇತ್ತು. ಗಂಡನಿಗೆ ಫೋನು ಮಾಡಿದ್ದರಂತೆ, ಅಣ್ಣ ಹೇಳಿದ ಹಾಗೆ ಮಾಡು ಅಂದನಂತೆ.

ನನಗೆ ಹೇಳಬೇಕಾದ್ದು ಇಷ್ಟೇ ಇತ್ತು. ನಾನೂ ತಲೆಯ ಮೇಲೆ ಓಡ್ನಿ ಹಾಕುವವಳು, ಬಟ್ಟೆ ತೆಗೆಯಿರಿ ಅನ್ನುವ ಪೈಕಿ ಅಲ್ಲ. ಆದರೆ ಬಟ್ಟೆಯನ್ನು ನಾವು ಹೊದೆಯಬೇಕು, ಅದು ನಮ್ಮ ಬಾಯಿ, ಕಿವಿ ಕಟ್ಟಬಾರದು. ಅದನ್ನಷ್ಟೇ ಹೇಳಿ, ತೆಗೆದ ಅಳತೆಯನ್ನು ಡಬ್ಬಿಗೆ ಹಾಕಿದೆ. ಒತ್ತಾಯ ಮಾಡಲು ಅದು ನನ್ನ ಮನೆಯಲ್ಲ.

ಏಳುವಾಗ ಅಕ್ಕ ಹಳೆಯ ಅಚ್ಚನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಮೈಬಣ್ಣದ್ದು. "ಇದು ಬ್ಯಾರೆ ಬಣ್ಣದಾಗ ಬರತೈತೇನ?"

"ಬರತೈತ್ರಿ. ಯಾವುದು ಬೇಕು?"

ಬಳೆ ತುಂಬಿದ ಕೈ ಮುಂದೆ ಮಾಡಿದರು. "ಈ ಹಸರು. ಕಾಣೂದಽ ಆದ್ರ ಚಂದಂಗಿ ಕಾಣಲಿ."

ಹಸಿರು ಅಚ್ಚುಗಳು ಬರುವ ಹೊತ್ತಿಗೆ ಲಗ್ನದ ಸೀಜನ್ನು ಬಾಗಿಲಿಗೆ ಬಂದಿತ್ತು. ಮರುದಿನದಿಂದ ತಾನು ಗಲ್ಲಾಕ್ಕೆ ಕೂರುವುದಾಗಿ ಭಾವ ಹೇಳಿಯಾಗಿತ್ತು. ನಾನು ಕೇಂದ್ರಕ್ಕೇ ಹೋಗಿ ಅಚ್ಚು ಕೂರಿಸಿದೆ. ದವಡೆ ಆಡಿಸಿದರು, ನಕ್ಕರು, ಕೈಯಿಂದ ಕಿವಿ ಮುಚ್ಚಿಸಿ ನೋಡಿದೆ. ಸೀಟಿ ಇಲ್ಲ. ನಾನು ಲ್ಯಾಪ್‌ಟಾಪು ಮುಚ್ಚುವಷ್ಟರಲ್ಲಿ ಹೊಸ್ತಿಲಲ್ಲಿ ಚಪ್ಪಲಿ ಸದ್ದಾಯಿತು.

ಅಕ್ಕನ ಕೈ ಸೆರಗಿಗೆ ಹೋಯಿತು. ಸೆರಗು ತಲೆಯ ಮೇಲೆ ಬಂತು, ಕಿವಿಯ ಮೇಲೆ ಇಳಿಯಿತು. ಸೀಟಿ ಬರಲಿಲ್ಲ, ಬಟ್ಟೆಯ ಸೊರಸೊರ ಮಾತ್ರ ಅವರಿಗೆ ಕೇಳಿರಬೇಕು. ಅವರು ಒಂದು ಕ್ಷಣ ಹಾಗೇ ಕೂತರು. ಆಮೇಲೆ ಎರಡೂ ಹೆಬ್ಬೆರಳಿನಿಂದ ಸೆರಗಿನ ಅಂಚು ಹಿಡಿದು, ಒಂದಾದ ಮೇಲೊಂದು, ಎರಡೂ ಕಿವಿಯ ಹಿಂದೆ ಸಿಕ್ಕಿಸಿದರು. ಹಸಿರು ಅಚ್ಚುಗಳು ಎದ್ದು ಕಂಡವು. ಹಿಂದೆ ರೊಟ್ಟಿಯ ಬಡಿತ ನಿಂತಿತು.

ಭಾವ ನೋಡಿದರು. ಮುಖ ಬಿಗಿದುಕೊಂಡಿತು. "ಸೆರಗು ಸರಿ ಮಾಡ್ಕೊ," ಅಂದರು, ಜೋರಾಗಿಯೇನಲ್ಲ.

"ಮಾಡ್ಕೊಂಡೇನ್ರಿ ಭಾವಾರ," ಅಂದರು ಅಕ್ಕ. ತಲೆ ತಗ್ಗಿಸಿರಲಿಲ್ಲ. "ಇನ್ಮ್ಯಾಲೆ ಇದ ಸರಿ."

ಭಾವನಿಗೆ ಸೆರಗಿಗಿಂತ ಆ ಉತ್ತರ ಬಂದದ್ದೇ ಆಶ್ಚರ್ಯವಾಗಿರಬೇಕು. ಮೆಲ್ಲಗೆ ಆಡಿದ ಮಾತಿಗೆ, ಅಷ್ಟು ದೂರದಿಂದ, ತಕ್ಷಣ ಬಂದ ಉತ್ತರ. ಅವರು ನನ್ನನ್ನು ನೋಡಿದರು. ನಾನು ಹಿಟ್ಟಿನ ಚೀಲದ ಮೇಲಿಂದ ಏಳಲೂ ಇಲ್ಲ, ನಗಲೂ ಇಲ್ಲ. ಬಡಿತ ಮತ್ತೆ ಶುರುವಾಯಿತು, ಒಬ್ಬರದು, ಆಮೇಲೆ ನಾಲ್ವರದೂ, ಎಂದಿಗಿಂತ ಜೋರಾಗಿ.

"ಯಕ್ಕಾ! ಎಸರು ಉಕ್ಕಾಕತ್ತೈತಿ, ಒಲಿ ಮ್ಯಾಲೆ ಬೀಳತೈತಿ!" ಮೂಲೆಯಿಂದ ಕೂಗು ಬಂತು. ನಾನು ಯಾವ ಸನ್ನೆಯನ್ನೂ ಮಾಡಿರಲಿಲ್ಲ. ಆಕೆಯ ಒಂದು ಕೈ ಇನ್ನೂ ಗಟ್ಟಿ ಹಿಡಿಯಲು ಬರುವಂತಿರಲಿಲ್ಲ, ದೊಡ್ಡ ಪಾತ್ರೆ ಇಳಿಸುವುದು ಅವಳಿಂದಾಗದು.

ಅಕ್ಕ ತಿರುಗಿದ್ದು ನೇರ ಆ ಮೂಲೆಗೇ. ಕೈಯಲ್ಲಿದ್ದ ರೊಟ್ಟಿ ಗಿರಾಕಿಯ ಮುಂದಿಟ್ಟು ಎದ್ದರು. ಎರಡು ಹೆಜ್ಜೆ ಹೋದವರು ನಿಂತು, ಹಿಂದಿರುಗಿ ನೋಡಿದರು. ಭಾವ ಆಗಲೇ ಗಲ್ಲಾದ ಮುಂದೆ ಅಕ್ಕ ಕೂರುತ್ತಿದ್ದ, ಈಗ ಖಾಲಿಯಾದ ಮಣೆಯ ಕಡೆ ಒಂದು ಕಾಲು ಮುಂದಿಟ್ಟಿದ್ದರು.

"ಭಾವಾರ, ಒಂದ ಗಳಿಗಿ ಗಲ್ಲಾ ನೋಡ್ಕೋರಿ, ಬಂದೆ," ಅಂದರು ಅಕ್ಕ. "ನಿಂತ ನೋಡ್ಕೋರಿ. ಕುಂಡ್ರಬ್ಯಾಡ್ರಿ."

ಅವರು ಪಾತ್ರೆ ಇಳಿಸಿ, ಒಲೆ ಒರೆಸಿ, ಮೂಲೆಯವಳಿಗೆ ಎರಡು ಮಾತು ಬೈದು ವಾಪಸು ಬರುವವರೆಗೂ ಭಾವ ನಿಂತೇ ಇದ್ದರು.